ಮನೆಗೆ ಬಂದ ವೀರಗಲ್ಲು

ವಸ್ತುಸಂಗ್ರಹಾಲಯಗಳೂ ನಾಟಕಶಾಲೆಗಳೂ ಈಗ ಆನ್‌ಲೈನ್ ಮೂಲಕ ಮನೆಯ ಒಳಗೇ ಬರುತ್ತಿವೆ. ಓದುವ ಮಕ್ಕಳಿಗೆ ಇದರಿಂದ ನಿಜವಾಗಿ ಸಿಗುವುದೇನು? ಉತ್ತರಕ್ಕಾಗಿ ಲಂಡನ್ನಿಗೆ ಹೋಗಬೇಕಾಗಿಲ್ಲ. ಹೆಬ್ಬಾಳದ ಒಂದು ಹಳೆಯ ಕಲ್ಲನ್ನು ಕೇಳಿದರೆ ಸಾಕು.

ಹೆಬ್ಬಾಳದ ಮೇಲ್ಸೇತುವೆಯನ್ನು ದಿನವೂ ದಾಟುವವರ ಲೆಕ್ಕ ಇಟ್ಟವರಾರು? ವಿಮಾನ ನಿಲ್ದಾಣಕ್ಕೆ ಓಡುವ ಟ್ಯಾಕ್ಸಿಗಳು, ಯಲಹಂಕದಿಂದ ಮೆಜೆಸ್ಟಿಕ್‌ಗೆ ಹೊರಟ ಬಸ್ಸುಗಳು, ಹಿಂದಿನ ಸೀಟಿನಲ್ಲಿ ಪುಸ್ತಕದ ಚೀಲ ಹೊತ್ತ ಮಕ್ಕಳನ್ನು ಕೂರಿಸಿಕೊಂಡ ಸ್ಕೂಟರುಗಳು. ಎಲ್ಲರ ಮನಸ್ಸಿನಲ್ಲೂ ಒಂದೇ ಚಿಂತೆ: ಈ ವಾಹನಗಳ ಸಾಲು ಯಾವಾಗ ಕರಗೀತು? ಸೇತುವೆಯ ಕೆಳಗಿನ ಊರಿಗೆ ಹೆಬ್ಬಾಳ ಎಂಬ ಹೆಸರು ಏಕೆ ಬಂತು, ಎಂದಿನಿಂದ ಇದೆ ಎಂದು ಯೋಚಿಸುವ ವ್ಯವಧಾನ ಆಗ ಯಾರಿಗೂ ಇರುವುದಿಲ್ಲ.

ಆ ಪ್ರಶ್ನೆಗೆ ಉತ್ತರ ಮಾತ್ರ ಅದೇ ಊರಿನ ಮಣ್ಣಿನಲ್ಲಿ ಇತ್ತು. 2018ರಲ್ಲಿ ಹೆಬ್ಬಾಳದಲ್ಲಿ ನೆಲ ಅಗೆಯುವಾಗ ಒಂದು ಕಲ್ಲು ಕಣ್ಣಿಗೆ ಬಿತ್ತು. ಮೈಮೇಲೆ ವೀರನ ಚಿತ್ರ, ಅದರೊಂದಿಗೆ ಹಳೆಯ ಕನ್ನಡ ಅಕ್ಷರಗಳು. ಓದಿ ನೋಡಿದ ವಿದ್ವಾಂಸರು ಇದು ಕ್ರಿ.ಶ. 750ರ ಸುಮಾರಿನದು ಎಂದರು. ಬೆಂಗಳೂರಿನಲ್ಲಿ ಈವರೆಗೆ ಗೊತ್ತಾಗಿರುವ ಕನ್ನಡ ಶಾಸನಗಳಲ್ಲಿ ಇದೇ ಅತ್ಯಂತ ಹಳೆಯದೆಂದು ಗುರುತಿಸಲಾಗಿದೆ. ಅಂದು ಚರಂಡಿಯ ಕಲ್ಲುಚಪ್ಪಡಿಯಾಗಿ ಹೋಗಬಹುದಾಗಿದ್ದ ಈ ವೀರಗಲ್ಲಿಗೆ ಆಸಕ್ತರ ಪ್ರಯತ್ನದಿಂದ, ಸಾರ್ವಜನಿಕರ ನೆರವಿನಿಂದ ಒಂದು ಮಂಟಪವೇ ಎದ್ದು ನಿಂತಿದೆ.

ಇದಕ್ಕಿಂತ ಸೋಜಿಗದ ಸಂಗತಿ ಇನ್ನೊಂದಿದೆ. ಆ ಕಲ್ಲು ಈಗ ಮಂಟಪದಲ್ಲಷ್ಟೇ ಇಲ್ಲ. ಆರ್.ಟಿ. ನಗರದ ಮನೆಯೊಂದರ ಊಟದ ಮೇಜಿನ ಮೇಲೆ, ಕಂಪ್ಯೂಟರಿನ ತೆರೆಯಲ್ಲಿ, ಮೂರು ಆಯಾಮದ ಮಾದರಿಯಾಗಿ ಅದನ್ನು ತಿರುಗಿಸಿ, ಹತ್ತಿರ ಎಳೆದು, ಒಂದೊಂದೇ ಅಕ್ಷರವಾಗಿ ನೋಡಬಹುದು. ದುಡ್ಡು ಕೊಡಬೇಕಾಗಿಲ್ಲ. ನೋಡುವ ಮನಸ್ಸಿದ್ದರೆ ಸಾಕು.

ಕಿತ್ತಯ್ಯ ಹೇಳುವ ಪಾಠ

ಕಲ್ಲು ಹೇಳುವ ಕಥೆ ಚಿಕ್ಕದು. ಗಂಗರ ದೊರೆ ಶ್ರೀಪುರುಷ ಆಳುತ್ತಿದ್ದ ಕಾಲ. ಅವನ ಅಧೀನದಲ್ಲಿ ಪೆರ್ಬೊಳಲ್‌ನಾಡು ಎಂಬ ಆಡಳಿತ ವಿಭಾಗ. ಆ ನಾಡಿನ ಮೇಲೆ ರಟ್ಟವಾಡಿಯವರು, ಎಂದರೆ ರಾಷ್ಟ್ರಕೂಟರ ಕಡೆಯವರು, ಬಂದಾಗ ಕಿತ್ತಯ್ಯನೆಂಬ ವೀರ ಊರಿನ ಪರವಾಗಿ ಹೋರಾಡಿ ಮಡಿದ. ಇಂದ್ರನ ಲೋಕಕ್ಕೆ ಹೋದ. ಅವನ ನೆನಪಿಗಾಗಿ ಈ ಕಲ್ಲು.

ಇಷ್ಟೇ ತಾನೆ ಎನ್ನಬೇಡಿ. ಇತಿಹಾಸದ ಪಾಠಪುಸ್ತಕದಲ್ಲಿ ಗಂಗರ ಬಗ್ಗೆ ಓದುವ ವಿದ್ಯಾರ್ಥಿಗೆ ತಲಕಾಡು ನೆನಪಿರುತ್ತದೆ, ಶ್ರವಣಬೆಳಗೊಳದ ಗೊಮ್ಮಟ ನೆನಪಿರುತ್ತದೆ, ಪರೀಕ್ಷೆಗೆ ಬೇಕಾದ ನಾಲ್ಕು ಇಸವಿಗಳೂ ನೆನಪಿರುತ್ತವೆ. ಆದರೆ ಗಂಗರು ತನ್ನ ಬಸ್ ನಿಲ್ದಾಣದ ಆಸುಪಾಸಿನಲ್ಲೇ ಆಳಿದ್ದರು ಎಂಬುದು ಅವನಿಗೆ ಹೊಳೆಯುವುದಿಲ್ಲ. ಯಶವಂತಪುರದಿಂದ ತುಮಕೂರು ರಸ್ತೆ ಹಿಡಿದು ಹೋದರೆ ಸಿಗುವ ನೆಲಮಂಗಲ ತಾಲ್ಲೂಕಿನ ಮಣ್ಣೆಯೇ ಶ್ರೀಪುರುಷನ ಕಾಲದ ಮಾನ್ಯಪುರ. ಆನೆಗಳ ಬಗೆಗೆ ‘ಗಜಶಾಸ್ತ್ರ’ ಬರೆದನೆಂದು ಹೆಸರಾದ ದೊರೆ ಅವನು. ಹೀಗೆ ನೋಡಿದಾಗ ಪುಸ್ತಕದ ಗಂಗರು ಪಕ್ಕದ ಮನೆಯವರಾಗುತ್ತಾರೆ.

ಹೆಸರಿನ ವಿಷಯಕ್ಕೆ ಬರೋಣ. ಪೆರ್ಬೊಳಲ್ ಎಂಬುದೇ ಇಂದಿನ ಹೆಬ್ಬಾಳ ಎಂದು ವಿದ್ವಾಂಸರು ಗುರುತಿಸಿದ್ದಾರೆ. ಹಳಗನ್ನಡದ ಪಾಲು ಹಾಲಾಯಿತು, ಪೂವು ಹೂವಾಯಿತು, ಪುಲಿ ಹುಲಿಯಾಯಿತು ಎಂದು ಕನ್ನಡ ಮೇಷ್ಟರು ಹೇಳಿದಾಗ ಆಕಳಿಸುವ ಹುಡುಗ ಇಲ್ಲಿ ಕಿವಿ ನಿಮಿರಿಸುತ್ತಾನೆ. ಪೆರ್ ಎಂದರೆ ಹಿರಿದು. ಹೆದ್ದಾರಿ, ಹೆಬ್ಬಾಗಿಲುಗಳಲ್ಲಿ ಅದೇ ‘ಹೆ’ ಇದೆ. ಪೊಳಲ್ ಎಂದರೆ ಪಟ್ಟಣ. ಹೊಳಲ್ಕೆರೆಯಲ್ಲಿ ಅದೇ ‘ಹೊಳಲು’ ಇದೆ. ಅಲ್ಲಿಗೆ ಹೆಬ್ಬಾಳ ಎಂದರೆ ದೊಡ್ಡ ಪಟ್ಟಣ ಎಂದಾಯಿತು! ಬೆಂಗಳೂರಿನ ಒಂದು ಮೂಲೆ ಎಂದುಕೊಂಡಿದ್ದ ಜಾಗ ಒಂದು ಕಾಲಕ್ಕೆ ತಾನೇ ಒಂದು ನಾಡಿನ ಮುಖ್ಯ ಊರು. ಅತ್ತ ಯಲಹಂಕವೂ ಹಾಗೆಯೇ. ಚೋಳರ ಕಾಲದ ತಮಿಳು ಶಾಸನಗಳಲ್ಲಿ ಅದು ‘ಇಲೈಪಾಕ್ಕ ನಾಡು’.

ಶಾಸನ ಈ ನಾಡನ್ನು ‘ಮೂವತ್ತು’ ಎಂಬ ಸಂಖ್ಯೆಯೊಂದಿಗೆ ಕರೆಯುತ್ತದೆ. ಗಂಗವಾಡಿ 96,000, ಬನವಾಸಿ 12,000 ಎಂದು ಓದಿದವರಿಗೆ ಈ ಪದ್ಧತಿ ಹೊಸದಲ್ಲ. ಈ ಸಂಖ್ಯೆ ಹಳ್ಳಿಗಳದೋ, ಕಂದಾಯದ್ದೋ ಎಂಬ ಬಗ್ಗೆ ಪಂಡಿತರಲ್ಲಿ ಚರ್ಚೆ ನಡೆದಿದೆ. ಒಂಬತ್ತನೆಯ ತರಗತಿಯ ವಿದ್ಯಾರ್ಥಿಯೂ ಈ ಚರ್ಚೆಗೆ ಇಳಿಯಬಹುದು. ತೊಂಬತ್ತಾರು ಸಾವಿರ ಹಳ್ಳಿಗಳು ಗಂಗವಾಡಿಯಲ್ಲಿ ಹಿಡಿಸುತ್ತಿದ್ದವೇ? ಹಾಗಾದರೆ ಹೆಬ್ಬಾಳದ ಮೂವತ್ತು ಏನನ್ನು ಹೇಳುತ್ತದೆ? ಪ್ರಶ್ನೆ ಹುಟ್ಟಿದಲ್ಲಿಗೆ ಇತಿಹಾಸ ಬಾಯಿಪಾಠದ ವಿಷಯವಾಗಿ ಉಳಿಯುವುದಿಲ್ಲ.

ಕಲ್ಲಿನ ಮೇಲೆ ಇಸವಿ ಬರೆದಿಲ್ಲದಿದ್ದರೆ 750 ಎಂದು ಹೇಳುವುದು ಹೇಗೆ? ರಾಜನ ಹೆಸರು ಒಂದು ಸುಳಿವು. ಅಕ್ಷರದ ಆಕಾರ ಇನ್ನೊಂದು. ಕನ್ನಡದ ಕ, ರ, ಮ ಪ್ರತಿ ಶತಮಾನದಲ್ಲೂ ಸ್ವಲ್ಪ ಸ್ವಲ್ಪ ರೂಪ ಬದಲಿಸಿವೆ. ಅಜ್ಜನ ಕೈಬರಹಕ್ಕೂ ಮೊಮ್ಮಗನ ಕೈಬರಹಕ್ಕೂ ಇರುವ ಅಂತರದ ಹಾಗೆ. ಇಸವಿ ಗೊತ್ತಿರುವ ಕಲ್ಲುಗಳ ಅಕ್ಷರದೊಂದಿಗೆ ಗೊತ್ತಿಲ್ಲದ ಕಲ್ಲಿನ ಅಕ್ಷರವನ್ನು ಹೋಲಿಸಿ ಕಾಲವನ್ನು ಅಂದಾಜು ಮಾಡುತ್ತಾರೆ. ಇದೇ ಲಿಪಿಶಾಸ್ತ್ರ. ಪತ್ತೇದಾರಿ ಕಾದಂಬರಿ ಓದುವ ಮಕ್ಕಳಿಗೆ ಇದಕ್ಕಿಂತ ರುಚಿಯಾದ ಕೆಲಸ ಬೇಕೆ?

ಶಾಯಿಯಿಂದ ಬೆಳಕಿಗೆ

ಶಾಸನಗಳನ್ನು ಕಲ್ಲಿನಿಂದ ಬಿಡಿಸಿ ತರುವ ಕೆಲಸ ಇಂದಿನದಲ್ಲ. 1837ರಲ್ಲಿ ಬೆಂಗಳೂರಿನಲ್ಲೇ ಹುಟ್ಟಿದ ಬೆಂಜಮಿನ್ ಲೂಯಿ ರೈಸ್ ಮೈಸೂರು ಸಂಸ್ಥಾನದ ಶಿಕ್ಷಣ ಇಲಾಖೆಯಲ್ಲಿದ್ದು, ಮುಂದೆ ಪುರಾತತ್ವ ಇಲಾಖೆಯ ಮೊದಲ ಮುಖ್ಯಸ್ಥರಾದವರು. ಊರೂರು ತಿರುಗಿ, ಸಹಾಯಕರನ್ನು ಕಳುಹಿಸಿ, ಸುಮಾರು 9 ಸಾವಿರ ಶಾಸನಗಳನ್ನು ಕಲೆಹಾಕಿದರು. ಅವೇ ‘ಎಪಿಗ್ರಾಫಿಯಾ ಕರ್ನಾಟಿಕಾ’ ಎಂಬ 12 ಸಂಪುಟಗಳು. ಬೆಂಗಳೂರು ಜಿಲ್ಲೆಯ ಶಾಸನಗಳ ಒಂಬತ್ತನೆಯ ಸಂಪುಟ ಪ್ರಕಟವಾದದ್ದು 1905ರಲ್ಲಿ.

ಆಗಿನ ವಿಧಾನ ಪಡಿಯಚ್ಚಿನದು. ಕಲ್ಲನ್ನು ತೊಳೆದು, ಒದ್ದೆ ಕಾಗದವನ್ನು ಅದರ ಮೇಲೆ ಹಾಸಿ, ಕುಂಚದಿಂದ ಬಡಿಯುತ್ತ ಹೋದರೆ ಕಾಗದ ಅಕ್ಷರದ ಗುಳಿಗಳೊಳಗೆ ಇಳಿದು ಕೂರುತ್ತದೆ. ಆಮೇಲೆ ಶಾಯಿಯ ಗಿಂಡಿಯಿಂದ ಹದವಾಗಿ ತಟ್ಟಿದರೆ ಕಲ್ಲಿನ ಮೈ ಕಪ್ಪಾಗಿ, ಅಕ್ಷರಗಳು ಬಿಳಿಯಾಗಿ ಮೂಡುತ್ತವೆ. ಕೈಹದ ಬೇಕಾದ ಕೆಲಸ. ಶಾಸನ ಅಧ್ಯಯನದಲ್ಲಿ ಇಂದಿಗೂ ಇದಕ್ಕೆ ಬೆಲೆ ಇದೆ. ಆದರೆ ಮಳೆಗಾಳಿಗೆ ಸವೆದು ಅಕ್ಷರದ ಆಳವೇ ಹೋಗಿಬಿಟ್ಟಿದ್ದರೆ ಕಾಗದವೂ ಸೋಲುತ್ತದೆ.

ಇಲ್ಲಿ ಕಂಪ್ಯೂಟರು ಕೈಗೂಡಿಸಿದೆ. 1909ರಿಂದ ಕೆಲಸ ಮಾಡುತ್ತಿರುವ, ಬೆಂಗಳೂರಿನ ನೃಪತುಂಗ ರಸ್ತೆಯ ಮಿಥಿಕ್ ಸೊಸೈಟಿ, 2021ರ ಜನವರಿಯಲ್ಲಿ ಬೆಂಗಳೂರು ಸುತ್ತಿನ ಶಾಸನಗಳ ಮೂರು ಆಯಾಮದ ದಾಖಲೀಕರಣ ಯೋಜನೆಯನ್ನು ಆರಂಭಿಸಿತು. ಅದರ ಗೌರವ ಯೋಜನಾ ನಿರ್ದೇಶಕರು ಪಿ.ಎಲ್. ಉದಯಕುಮಾರ್. ಅದಕ್ಕೂ ಕೆಲವು ವರ್ಷ ಮೊದಲಿನಿಂದಲೇ ಅವರೂ ಅವರಂಥ ಆಸಕ್ತರೂ ಗುಂಪು ಕಟ್ಟಿಕೊಂಡು, ರೈಸ್ ಅವರ ಪಟ್ಟಿ ಹಿಡಿದು ಕಲ್ಲುಗಳನ್ನು ಹುಡುಕುತ್ತಿದ್ದರು.

ಸ್ಕ್ಯಾನರ್ ಕೆಲಸ ಮಾಡುವ ರೀತಿ ಸರಳ. ಅದು ಕಲ್ಲಿನ ಮೇಲೆ ಗೆರೆಗೆರೆಯಾದ ಬೆಳಕನ್ನು ಚೆಲ್ಲುತ್ತದೆ. ಸಮತಟ್ಟಾದ ಜಾಗದಲ್ಲಿ ಗೆರೆ ನೇರವಾಗಿ ಬೀಳುತ್ತದೆ. ಗುಳಿ ಬಂದಲ್ಲಿ ಬಾಗುತ್ತದೆ. ಮಡಿಕೆಯಾದ ಪಂಚೆಯ ಮೇಲೆ ಅಂಚಿನ ಗೆರೆ ಡೊಂಕಾಗಿ ಕಾಣುವುದಿಲ್ಲವೇ, ಹಾಗೆ. ಕ್ಯಾಮೆರಾಗಳು ಆ ಡೊಂಕನ್ನು ಅಳೆದು, ಕಲ್ಲಿನ ಮೈಯನ್ನು ಮಿಲಿಮೀಟರಿಗಿಂತ ಸೂಕ್ಷ್ಮವಾಗಿ ಕಂಪ್ಯೂಟರಿನಲ್ಲಿ ಮರಳಿ ಕಟ್ಟುತ್ತವೆ. ಆಮೇಲಿನದು ಇನ್ನೂ ಚೆಂದ. ಕಲ್ಲಿನ ಬಣ್ಣ, ಪಾಚಿ, ಕುಂಕುಮ, ಎಣ್ಣೆಯ ಕಲೆ ಎಲ್ಲವನ್ನೂ ತೆರೆಯ ಮೇಲೆ ತೆಗೆದುಹಾಕಬಹುದು. ಬರೀ ಆಕಾರ ಉಳಿಯುತ್ತದೆ. ಅದರ ಮೇಲೆ ಕೃತಕ ಬೆಳಕನ್ನು ಓರೆಯಾಗಿ ಬೀಳಿಸಿದರೆ, ಕಣ್ಣಿಗೆ ಕಾಣದಷ್ಟು ಸವೆದ ಅಕ್ಷರವೂ ನೆರಳಾಗಿ ಎದ್ದು ಬರುತ್ತದೆ. ಸಂಜೆಯ ಇಳಿಬಿಸಿಲಿನಲ್ಲಿ ಕಲ್ಲು ಓದುವುದು ಸುಲಭ ಎಂದು ಹಿಂದಿನವರಿಗೂ ಗೊತ್ತಿತ್ತು. ಈಗ ಬೇಕೆಂದಾಗ ಸಂಜೆ ತರಿಸಬಹುದು, ಅಷ್ಟೆ.

ಹೀಗೆ ಸಿದ್ಧವಾದ ನೂರಾರು ಮಾದರಿಗಳನ್ನು ಸೊಸೈಟಿ ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿಟ್ಟಿದೆ. ಶಾಸನದ ಒಂದೊಂದು ಅಕ್ಷರವನ್ನೂ ಬಿಡಿಬಿಡಿಯಾಗಿ ತೋರಿಸುವ ‘ಅಕ್ಷರ ಭಂಡಾರ’ ಎಂಬ ತಂತ್ರಾಂಶವನ್ನೂ ರೂಪಿಸಿದೆ. ಹಳೆಯ ಲಿಪಿಯನ್ನು ಕಲಿಯಲು ಹೊರಟ ವಿದ್ಯಾರ್ಥಿಗೆ ಇದು ಕಾಪಿಪುಸ್ತಕ ಇದ್ದಂತೆ.

ಬಾಗಿಲು ಮುಚ್ಚಿದಾಗ ತೆರೆದ ಕಿಟಕಿ

ಮನೆಯಲ್ಲಿ ಕುಳಿತು ಕಲೆ, ಇತಿಹಾಸ ನೋಡುವ ಏರ್ಪಾಡು ಕೋವಿಡ್‌ಗೂ ಮೊದಲೇ ಇತ್ತು. ಗೂಗಲ್ ಸಂಸ್ಥೆ 2011ರಲ್ಲೇ ಜಗತ್ತಿನ ದೊಡ್ಡ ವಸ್ತುಸಂಗ್ರಹಾಲಯಗಳ ಚಿತ್ರಗಳನ್ನು ಒಂದೆಡೆ ತರಲು ತೊಡಗಿತ್ತು. ನಮ್ಮ ರಾಷ್ಟ್ರೀಯ ಸಂಗ್ರಹಾಲಯಗಳ ವಸ್ತುಗಳನ್ನು ತೋರಿಸುವ ‘ಮ್ಯೂಸಿಯಮ್ಸ್ ಆಫ್ ಇಂಡಿಯಾ’ ತಾಣವೂ ಇತ್ತು. ಆದರೆ ಅದು ನಮ್ಮ ಮನೆಗಳ ಮಾತಾದದ್ದು 2020ರಲ್ಲಿ. ಶಾಲೆ ಮೊಬೈಲಿಗೆ ಬಂತು. ಅದರ ಹಿಂದೆಯೇ ಸಂಗ್ರಹಾಲಯ, ನಾಟಕಗಳೂ ಬಂದವು.

ಕಸ್ತೂರಬಾ ರಸ್ತೆಯ ಕಲೆ ಮತ್ತು ಛಾಯಾಗ್ರಹಣ ವಸ್ತುಸಂಗ್ರಹಾಲಯದ್ದು (ಮ್ಯಾಪ್) ಒಂದು ವಿಚಿತ್ರ ಕಥೆ. ಕಟ್ಟಡ ಇನ್ನೂ ಮುಗಿದಿರಲಿಲ್ಲ. ಆದರೂ 2020ರ ಡಿಸೆಂಬರ್ 5ರಂದು ಅದು ಅಂತರ್ಜಾಲದಲ್ಲಿ ಉದ್ಘಾಟನೆಯಾಯಿತು. ಜನ ಕಾಲಿಟ್ಟು ಒಳಗೆ ಹೋದದ್ದು 2023ರ ಫೆಬ್ರುವರಿಯಲ್ಲಿ. ಗೃಹಪ್ರವೇಶಕ್ಕೆ ಮೊದಲೇ ನೆಂಟರು ಬಂದು ಹೋದಂತಾಯಿತು!

ಉತ್ತರ ಬೆಂಗಳೂರಿನವರಿಗೆ ಇನ್ನೂ ಹತ್ತಿರದ್ದು ಬಳ್ಳಾರಿ ರಸ್ತೆಯ ಸೈನ್ಸ್ ಗ್ಯಾಲರಿ ಬೆಂಗಳೂರು. ಕರ್ನಾಟಕ ಸರ್ಕಾರದ ಬೆಂಬಲದಿಂದ ಹುಟ್ಟಿದ ಈ ಸಂಸ್ಥೆಯ ಜತೆ ಭಾರತೀಯ ವಿಜ್ಞಾನ ಸಂಸ್ಥೆ, ಹೆಬ್ಬಾಳದಾಚೆಯ ಜಿಕೆವಿಕೆ ಆವರಣದಲ್ಲಿರುವ ಎನ್‌ಸಿಬಿಎಸ್, ಯಲಹಂಕದ ಸೃಷ್ಟಿ ಸಂಸ್ಥೆ ಕೈಜೋಡಿಸಿವೆ. 2021ರ ಏಪ್ರಿಲ್ ಕೊನೆಗೆ, ಕೋವಿಡ್ ಎರಡನೆಯ ಅಲೆ ನಗರವನ್ನು ನಲುಗಿಸುತ್ತಿದ್ದಾಗ, ಇದು ‘ಕಂಟೇಜಿಯನ್’ ಎಂಬ ಪ್ರದರ್ಶನವನ್ನು ಪೂರ್ತಿ ಆನ್‌ಲೈನ್‌ನಲ್ಲೇ ನಡೆಸಿತು. ವಿಷಯ, ಸಾಂಕ್ರಾಮಿಕ. ಮುಂಬೈಯಲ್ಲಿ ಹತ್ತೊಂಬತ್ತನೆಯ ಶತಮಾನದ ಕೊನೆಗೆ ಬಂದ ಪ್ಲೇಗನ್ನು ಚಿತ್ರಗಳಲ್ಲಿ ಮರಳಿ ಕಾಣುವ ಕಲಾಕೃತಿಯೂ ಅದರಲ್ಲಿತ್ತು.

ಪ್ಲೇಗು ಎಂದರೆ ಬೆಂಗಳೂರಿಗೂ ಪರಕೀಯವಲ್ಲ. 1898ರಲ್ಲಿ ಅದು ಇಲ್ಲಿಗೂ ಬಂತು. ಇಕ್ಕಟ್ಟಿನ ಪೇಟೆಯಿಂದ ಜನರನ್ನು ಹೊರಗೆ ತರಲು ಗಾಳಿ ಬೆಳಕಿರುವ ಹೊಸ ಬಡಾವಣೆಗಳು ಬೇಕಾದವು. ಬಸವನಗುಡಿ, ಮಲ್ಲೇಶ್ವರಗಳು ರೂಪುಗೊಂಡ ಹಿನ್ನೆಲೆ ಇದು. ಯಶವಂತಪುರದ ಹುಡುಗಿಯೊಬ್ಬಳು ಮುಖಕ್ಕೆ ಮಾಸ್ಕ್ ಕಟ್ಟಿಕೊಂಡು ಪಕ್ಕದ ಮಲ್ಲೇಶ್ವರಕ್ಕೆ ಹೋಗುವಾಗ, ಆ ಅಗಲವಾದ ರಸ್ತೆಗಳೂ ಸಾಲುಮರಗಳೂ ಇನ್ನೊಂದು ಸಾಂಕ್ರಾಮಿಕದ ನೆನಪು ಎಂದು ಅವಳಿಗೆ ಗೊತ್ತಾದರೆ, ಅಂದಿನ ಭಯಕ್ಕೆ ಒಂದು ಅರ್ಥ ಸಿಕ್ಕಂತೆ. ಹಿಂದಿನವರೂ ಇದನ್ನು ದಾಟಿ ಬಂದರು ಎಂಬ ಧೈರ್ಯವೂ ಸಿಕ್ಕಂತೆ.

ಸೈನ್ಸ್ ಗ್ಯಾಲರಿಯ ಕಟ್ಟಡ 2024ರ ಜನವರಿಯಲ್ಲಿ ‘ಕಾರ್ಬನ್’ ಪ್ರದರ್ಶನದೊಂದಿಗೆ ಸಾರ್ವಜನಿಕರಿಗೆ ತೆರೆಯಿತು. ಅಲ್ಲಿ ಪ್ರದರ್ಶನದ ಜತೆಗೆ ಮಾತನಾಡಲು ತರುಣ ತರುಣಿಯರೇ ನಿಂತಿರುತ್ತಾರೆ. ‘ಮುಟ್ಟಬೇಡಿ, ಮಾತಾಡಬೇಡಿ’ ಎಂಬ ಹಳೆಯ ಫಲಕದ ಕಾಲ ಹೋಯಿತು.

ಅಂಗೈಯಲ್ಲಿ ರಂಗಸ್ಥಳ

ನಾಟಕದವರ ಪಾಡು ಬೇರೆ. ಕಲ್ಲು ನೂರು ವರ್ಷ ಕಾದೀತು, ನಟ ಕಾಯಲಾರ. 2020ರ ಮಾರ್ಚಿಯಲ್ಲಿ ರಂಗಮಂದಿರಗಳು ಮುಚ್ಚಿದಾಗ ಲಂಡನ್ನಿನ ನ್ಯಾಷನಲ್ ಥಿಯೇಟರ್ ತಾನು ಮೊದಲೇ ಚಿತ್ರೀಕರಿಸಿಕೊಂಡಿದ್ದ ನಾಟಕಗಳನ್ನು ವಾರಕ್ಕೊಂದರಂತೆ ಉಚಿತವಾಗಿ ತೋರಿಸಿತು. ಏಪ್ರಿಲ್ 2ರಂದು ಮೊದಲು ಬಂದದ್ದು ‘ಒನ್ ಮ್ಯಾನ್, ಟೂ ಗವ್ನರ್ಸ್’. ಇಟಲಿಯ ಗೋಲ್ಡೋನಿ ಹದಿನೆಂಟನೆಯ ಶತಮಾನದಲ್ಲಿ ಬರೆದ ಪ್ರಹಸನದ ಹೊಸ ರೂಪ ಅದು. ಟಿಕೆಟ್ಟಿಗೆ ಸಾವಿರಾರು ರೂಪಾಯಿ ತೆರಬೇಕಾಗಿದ್ದ ನಾಟಕವನ್ನು ಯಲಹಂಕ ಉಪನಗರದಲ್ಲಿ ಕುಳಿತು ನೋಡುವ ಅವಕಾಶ ಬಂತು.

ಇತ್ತ ಕರಾವಳಿಯಲ್ಲಿ ಆ ವರ್ಷ ಪತ್ತನಾಜೆ ಬರುವ ಮೊದಲೇ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಬೇಕಾಯಿತು. ಕಲಾವಿದರಿಗೆ ಅದು ಹೊಟ್ಟೆಯ ಪ್ರಶ್ನೆ. ಆಗ ತಾಳಮದ್ದಳೆಗಳು, ಚಿಕ್ಕ ಪ್ರದರ್ಶನಗಳು ಯೂಟ್ಯೂಬಿಗೆ ಬಂದವು. ಕಟ್ಟೆಯ ಮೇಲೆ, ಗದ್ದೆಯಲ್ಲಿ ಕುಳಿತು ನೋಡುತ್ತಿದ್ದವರು ಮೊಬೈಲು ಹಿಡಿದರು. ದುಬೈಯಲ್ಲಿರುವ ಮಗ, ಹೆಬ್ಬಾಳದಲ್ಲಿರುವ ಮಗಳು, ಊರಿನಲ್ಲಿರುವ ಅಪ್ಪ ಒಂದೇ ಹೊತ್ತಿಗೆ ಒಂದೇ ಪ್ರಸಂಗ ನೋಡಿ ಫೋನಿನಲ್ಲಿ ಅರ್ಥಧಾರಿಗಳ ವಾದ ಚರ್ಚಿಸುವಂತಾಯಿತು. ಊರು ಬಿಟ್ಟವರ ಮಕ್ಕಳಿಗೆ ಭಾಗವತರ ಪದ ಕಿವಿಗೆ ಬಿದ್ದದ್ದೇ ದೊಡ್ಡ ಲಾಭ.

ಆದರೂ ಒಂದು ಮಾತು ನಿಜ. ಚಂಡೆಯ ಪೆಟ್ಟು ಎದೆಗೆ ತಾಗುವುದು ಎದುರು ಕುಳಿತಾಗ. ತೆರೆಯಲ್ಲಿ ಕ್ಯಾಮೆರಾ ತೋರಿಸಿದ್ದನ್ನಷ್ಟೇ ನೋಡಬೇಕು. ರಂಗದ ಮೂಲೆಯಲ್ಲಿ ಸುಮ್ಮನೆ ನಿಂತ ಪಾತ್ರದ ಮುಖವನ್ನು ನೋಡುವ ಸ್ವಾತಂತ್ರ್ಯ ಅಲ್ಲಿಲ್ಲ. ಆನ್‌ಲೈನ್ ನಾಟಕ ನೋಡಿದ ಮಗು ಒಮ್ಮೆಯಾದರೂ ನಿಜವಾದ ರಂಗಮಂದಿರದ ಕತ್ತಲಲ್ಲಿ ಕೂರಬೇಕು.

ಇದರಿಂದ ಅಂಕ ಬರುತ್ತದೆಯೇ?

ಅಪ್ಪ ಅಮ್ಮಂದಿರ ನೇರ ಪ್ರಶ್ನೆ ಇದು. ತಪ್ಪೇನೂ ಅಲ್ಲ. ಹತ್ತನೆಯ ತರಗತಿ, ಪಿಯುಸಿ, ಸಿಇಟಿ ಎಂದು ಮನೆಯ ಗಡಿಯಾರವೇ ಪರೀಕ್ಷೆಯ ಸುತ್ತ ತಿರುಗುವಾಗ, ಭಾನುವಾರದ ಒಂದು ಗಂಟೆಯನ್ನು ವೀರಗಲ್ಲಿಗೆ ಕೊಡಬೇಕೆಂದರೆ ಕಾರಣ ಬೇಕಲ್ಲ.

ಅಂಕ ನೇರವಾಗಿ ಬರುವುದಿಲ್ಲ. ಬರುವುದು ಬೇರೊಂದು ಶಕ್ತಿ. ಅದಕ್ಕೆ ಬೇಗೂರಿನ ಶಾಸನದ ಉದಾಹರಣೆ ಸಾಕು. ಬೆಂಗಳೂರು ಎಂಬ ಹೆಸರು ಹೇಗೆ ಬಂತು ಎಂದರೆ ಮಕ್ಕಳು ತಟ್ಟನೆ ‘ಬೆಂದಕಾಳೂರು’ ಎನ್ನುತ್ತಾರೆ. ಹೊಯ್ಸಳ ವೀರಬಲ್ಲಾಳನಿಗೆ ಅಜ್ಜಿಯೊಬ್ಬಳು ಬೆಂದ ಕಾಳು ಕೊಟ್ಟಳು ಎಂಬ ಕಥೆ ಎಲ್ಲರಿಗೂ ಬಾಯಿಪಾಠ. ಬೇಗೂರಿನ ದೇವಾಲಯದಲ್ಲಿರುವ, ಸುಮಾರು ಕ್ರಿ.ಶ. 900ರ ಗಂಗರ ಕಾಲದ ಕಲ್ಲು ‘ಬೆಂಗಳೂರ ಕಾಳಗ’ವನ್ನು ಹೆಸರಿಸುತ್ತದೆ. ವೀರಬಲ್ಲಾಳ ಪಟ್ಟಕ್ಕೆ ಬಂದದ್ದು ಹನ್ನೆರಡನೆಯ ಶತಮಾನದಲ್ಲಿ. ಅವನು ಹುಟ್ಟುವ ಇನ್ನೂರು ವರ್ಷಕ್ಕೂ ಮೊದಲೇ ಊರಿಗೆ ಹೆಸರಿತ್ತು! ಕಥೆ ಸೊಗಸಾಗಿದೆ, ಆದರೆ ಸಾಕ್ಷ್ಯ ಬೇರೆ ಹೇಳುತ್ತದೆ. ಇದನ್ನು ಒಮ್ಮೆ ಕಂಡುಕೊಂಡ ವಿದ್ಯಾರ್ಥಿ ಮುಂದೆ ವಾಟ್ಸ್‌ಆ್ಯಪಿನಲ್ಲಿ ಬಂದ ಪ್ರತಿಯೊಂದು ‘ಇತಿಹಾಸ’ವನ್ನೂ ಕಣ್ಣುಮುಚ್ಚಿ ನಂಬುವುದಿಲ್ಲ. ‘ಇದಕ್ಕೆ ಆಧಾರವೇನು?’ ಎಂದು ಕೇಳುತ್ತಾನೆ. ವಿಜ್ಞಾನ ಓದಿದರೂ, ವಾಣಿಜ್ಯ ಓದಿದರೂ, ಕಾನೂನು ಓದಿದರೂ ಬೇಕಾದ ಪ್ರಶ್ನೆ ಅದೇ.

ಇನ್ನೊಂದು ಲಾಭವೂ ಇದೆ. ಶಾಸನದ ಕೆಲಸದಲ್ಲಿ ಕನ್ನಡ ಮೇಷ್ಟರಿಗೂ ಕಂಪ್ಯೂಟರ್ ಇಂಜಿನಿಯರಿಗೂ ಸಮಾನ ಜಾಗವಿದೆ. ಬೆಳಕಿನ ಕಿರಣ ಭೌತಶಾಸ್ತ್ರ, ಕಲ್ಲಿನ ಗುಣ ಭೂವಿಜ್ಞಾನ, ಹಳಗನ್ನಡ ಭಾಷೆ, ಕಾಲನಿರ್ಣಯ ಇತಿಹಾಸ. ವಿಜ್ಞಾನ ತೆಗೆದುಕೊಂಡರೆ ಜಾಣ, ಕಲಾ ವಿಭಾಗ ತೆಗೆದುಕೊಂಡರೆ ದಡ್ಡ ಎಂಬ ನಮ್ಮ ಹಳೆಯ ಗೋಡೆ ಈ ಕಲ್ಲಿನ ಮುಂದೆ ನಿಲ್ಲುವುದಿಲ್ಲ.

ತೆರೆ ಕೊಡಲಾರದ್ದು

ಎಲ್ಲವೂ ಹಾಲು ಸಕ್ಕರೆಯೇ ಎಂದರೆ ಅದು ನಿಜವಲ್ಲ. ಮೊದಲನೆಯ ಕೊರತೆ ಭಾಷೆಯದು. ಕಲೆ, ಇತಿಹಾಸಗಳ ಆನ್‌ಲೈನ್ ಉಪನ್ಯಾಸಗಳಲ್ಲಿ ಬಹುಪಾಲು ಇಂಗ್ಲಿಷಿನವು. ಕನ್ನಡ ಮಾಧ್ಯಮದಲ್ಲಿ ಓದುವ ಹುಡುಗ ಹತ್ತು ನಿಮಿಷ ಕುಳಿತು ಎದ್ದು ಹೋದರೆ ತಪ್ಪು ಅವನದಲ್ಲ. ಕನ್ನಡದ ಕಲ್ಲಿನ ಬಗ್ಗೆ ಕನ್ನಡದಲ್ಲೇ ಕೇಳುವ ಹಕ್ಕು ಅವನಿಗಿದೆ. ಮಿಥಿಕ್ ಸೊಸೈಟಿಯಂಥ ಸಂಸ್ಥೆಗಳು ಕನ್ನಡದಲ್ಲೂ ಕಾರ್ಯಕ್ರಮ ನಡೆಸುವುದು ಸಮಾಧಾನದ ಸಂಗತಿ. ಉಳಿದವರೂ ಈ ದಾರಿ ಹಿಡಿಯಬೇಕು.

ಎರಡನೆಯದು ಕಣ್ಣಿನ ಚಿಂತೆ. ಆಟ, ರೀಲ್ಸ್, ಟ್ಯೂಷನ್ ಎಲ್ಲವೂ ಅದೇ ತೆರೆಯ ಮೇಲೆ. ಅದರ ಜತೆಗೆ ವಸ್ತುಸಂಗ್ರಹಾಲಯವೂ ಎಂದರೆ ತಾಯಂದಿರು ಹಣೆ ಗಂಟಿಕ್ಕುವುದು ಸಹಜವೇ. ಒಂಟಿಯಾಗಿ ಬಾಗಿಲು ಹಾಕಿಕೊಂಡು ನೋಡುವುದಕ್ಕೂ, ಅಪ್ಪ ಅಮ್ಮ ಜತೆಗೆ ಕುಳಿತು ನೋಡಿ ಮಾತಾಡುವುದಕ್ಕೂ ವ್ಯತ್ಯಾಸವಿದೆ ಎಂಬುದನ್ನು ಮಾತ್ರ ಮರೆಯಬಾರದು.

ಮೂರನೆಯದೇ ದೊಡ್ಡದು. ಪ್ರತಿ ಸಿಕ್ಕಿತಲ್ಲ, ಇನ್ನು ಮೂಲ ಏಕೆ ಎಂಬ ಉದಾಸೀನ. ರೈಸ್ 1905ರಲ್ಲಿ ಪಟ್ಟಿ ಮಾಡಿದ ಬೆಂಗಳೂರಿನ ಕಲ್ಲುಗಳಲ್ಲಿ ಎಷ್ಟೋ ಇಂದು ಇದ್ದ ಜಾಗದಲ್ಲಿಲ್ಲ. ಕೆಲವು ರಸ್ತೆಯ ಅಡಿಗೆ ಹೋದವು, ಕೆಲವು ಪಾಯಕ್ಕೆ ಬಿದ್ದವು. ಅವುಗಳಿಗೆ ಉಳಿದಿರುವುದು ಪುಸ್ತಕದಲ್ಲಿ ನಾಲ್ಕು ಸಾಲು. ಹೆಣ್ಣೂರು ಬಾಗಲೂರು ರಸ್ತೆಯ ಕಣ್ಣೂರಿನಲ್ಲಿ, ದೇಶವನ್ನು ಅಳೆದ ಮಹಾ ತ್ರಿಕೋನಮಿತಿ ಸರ್ವೇಕ್ಷಣೆಗೆ ಸೇರಿದ ಹತ್ತೊಂಬತ್ತನೆಯ ಶತಮಾನದ ವೀಕ್ಷಣಾ ಕಟ್ಟಡವೊಂದಿತ್ತು. 2024ರ ಮಳೆಗೆ ಅದು ಕುಸಿದು ಬಿತ್ತು. ಅದರ ಬಗ್ಗೆ ಬಲ್ಲವರು ಬರೆದಿದ್ದರು, ಚಿತ್ರ ತೆಗೆದಿದ್ದರು. ಆದರೆ ದಿನವೂ ಅದರ ಮುಂದೆ ಓಡಾಡುತ್ತಿದ್ದ ಜನರಲ್ಲಿ ಎಷ್ಟು ಮಂದಿಗೆ ಅದೇನೆಂದು ಗೊತ್ತಿತ್ತು?

ಹೆಬ್ಬಾಳದ ಕಲ್ಲು ಉಳಿದದ್ದು ಸ್ಕ್ಯಾನರಿನಿಂದಲ್ಲ. ಮೊದಲು ಯಾರೋ ಅದನ್ನು ಕಲ್ಲಲ್ಲ, ಶಾಸನ ಎಂದು ಗುರುತಿಸಿದರು. ಊರವರು ತಮ್ಮದು ಎಂದರು. ಆಮೇಲೆ ಮಂಟಪ, ಆಮೇಲೆ ಕಂಪ್ಯೂಟರು. ಈ ಕ್ರಮವನ್ನು ತಿರುವುಮುರುವು ಮಾಡಲಾಗದು. ತೆರೆಯ ಮೇಲಿನ ಕಲ್ಲು ಮಕ್ಕಳಲ್ಲಿ ಗುರುತಿಸುವ ಕಣ್ಣನ್ನು ಬೆಳೆಸಿದರೆ ಮುಂದಿನ ಕಲ್ಲು ಉಳಿದೀತು. ಇಲ್ಲವಾದರೆ ನಮ್ಮ ಹತ್ತಿರ ಬರೀ ಚಿತ್ರಗಳು ಉಳಿದಾವು.

ಒಂದು ಭಾನುವಾರ, ಒಂದೇ ರಸ್ತೆ

ಹಾಗಾದರೆ ಏನು ಮಾಡಬಹುದು? ಶನಿವಾರ ಸಂಜೆ ಮನೆಮಂದಿ ಕುಳಿತು ಕಿತ್ತಯ್ಯನ ಕಲ್ಲಿನ ಮಾದರಿಯನ್ನು ತೆರೆಯ ಮೇಲೆ ನೋಡಿ. ಗೊತ್ತಾದ ಅಕ್ಷರಗಳನ್ನು ಮಕ್ಕಳು ಕಾಗದದ ಮೇಲೆ ಬರೆದುಕೊಳ್ಳಲಿ. ಗೊತ್ತಾಗದ ಅಕ್ಷರಗಳಿಗೆ ಪ್ರಶ್ನೆಯ ಗುರುತು ಹಾಕಲಿ.

ಭಾನುವಾರ ಬೆಳಗ್ಗೆ ಹೆಬ್ಬಾಳದ ಮಂಟಪಕ್ಕೆ ಹೋಗಿ. ಇಳಿಬಿಸಿಲು ಬೇಕಾದರೆ ಸಂಜೆಯೇ ಹೋಗಬಹುದು. ತೆರೆಯಲ್ಲಿ ಕಂಡ ಅಕ್ಷರ ಕಲ್ಲಿನಲ್ಲಿ ಕಾಣುತ್ತದೆಯೇ ಎಂದು ಹುಡುಕಲಿ. ಕೆಲವು ಕಾಣುವುದಿಲ್ಲ. ಆಗ ಯಂತ್ರದ ಬೆಲೆ ತಿಳಿಯುತ್ತದೆ. ಕಲ್ಲಿನ ಎತ್ತರ, ಅದರ ಒರಟು ಮೈ, ಉಳಿಯ ಏಟಿನ ಗುರುತು ತೆರೆಯಲ್ಲಿ ಇಷ್ಟು ದೊಡ್ಡದೆನಿಸಿರಲಿಲ್ಲ. ಆಗ ಕಲ್ಲಿನ ಬೆಲೆ ತಿಳಿಯುತ್ತದೆ.

ಅಲ್ಲಿಂದ ಅದೇ ಬಳ್ಳಾರಿ ರಸ್ತೆಯಲ್ಲಿ ನಗರದ ಕಡೆ ಬಂದರೆ ಸೈನ್ಸ್ ಗ್ಯಾಲರಿ. ಇನ್ನೂ ಮುಂದೆ ಮೇಖ್ರಿ ವೃತ್ತದ ಬಳಿ ಕೆಂಪೇಗೌಡರ ಹೆಸರಿನ ನಾಲ್ಕು ಗಡಿಗೋಪುರಗಳಲ್ಲಿ ಉತ್ತರದ್ದು. ಯಲಹಂಕದ ಪ್ರಭುಗಳ ವಂಶದವರು ಕಟ್ಟಿದ ಊರಿನ ಒಂದು ಎಲ್ಲೆ ಇಲ್ಲಿತ್ತು ಎಂಬ ಮಾತು ಇಂದಿನ ಮಕ್ಕಳಿಗೆ ನಗು ತರಿಸೀತು. ಎಲ್ಲೆಯ ಆಚೆ ಈಗ ಅರ್ಧ ಬೆಂಗಳೂರೇ ಇದೆ! ಗಂಗರಿಂದ ಹಿಡಿದು ಇಂಗಾಲದ ಚರ್ಚೆಯವರೆಗೆ ಹನ್ನೆರಡೂವರೆ ಶತಮಾನಗಳು ಒಂದೇ ರಸ್ತೆಯ ಮೇಲೆ ಕೆಲವೇ ಕಿಲೋಮೀಟರುಗಳಲ್ಲಿ ಸಿಗುತ್ತವೆ. ಶಾಲೆಯ ಬಸ್ಸಿನಲ್ಲಿ ಅದೇ ರಸ್ತೆಯನ್ನು ದಿನವೂ ದಾಟುವ ಮಗುವಿಗೆ ಸೋಮವಾರದಿಂದ ಅದು ಬೇರೆ ರಸ್ತೆ.

ಪೋಷಕರ ಗಮನಕ್ಕೆ

* ತಿಂಗಳಿಗೆ ಒಂದೋ ಎರಡೋ ಆನ್‌ಲೈನ್ ಕಾರ್ಯಕ್ರಮ ಸಾಕು. ದಿನವೂ ಬೇಡ. ವಿಷಯವನ್ನು ಮಗುವೇ ಆರಿಸಲಿ.

* ಸಾಧ್ಯವಿದ್ದರೆ ಮೊಬೈಲಿಗಿಂತ ದೊಡ್ಡ ತೆರೆಯಲ್ಲಿ, ಮನೆಮಂದಿ ಒಟ್ಟಿಗೆ ನೋಡಿ. ಮುಗಿದ ಮೇಲೆ ‘ಏನು ಅರ್ಥವಾಯಿತು?’ ಎನ್ನುವ ಬದಲು ‘ನಿನಗೆ ಯಾವುದು ಸೋಜಿಗವೆನಿಸಿತು?’ ಎಂದು ಕೇಳಿ.

* ನೇರ ಉಪನ್ಯಾಸವಾದರೆ ಮಗು ಒಂದು ಪ್ರಶ್ನೆಯನ್ನಾದರೂ ಬರೆದು ಕಳುಹಿಸಲಿ. ಕನ್ನಡದಲ್ಲಿ ಕೇಳಲು ಸಂಕೋಚ ಬೇಡ.

* ನೋಡಿದ ವಸ್ತು ಅಥವಾ ನಾಟಕಕ್ಕೆ ಸಂಬಂಧಿಸಿದ್ದು ಹತ್ತಿರ ಎಲ್ಲಿದೆ ಎಂದು ಹುಡುಕಿ, ಹೋಗಿ ಬನ್ನಿ. ಹೊರಡುವ ಮುನ್ನ ತೆರೆದಿರುವ ದಿನ, ವೇಳೆ ವಿಚಾರಿಸಿಕೊಳ್ಳಿ.

* ಶಾಸನದ ಕಲ್ಲನ್ನು ಸುಣ್ಣ, ಬಣ್ಣ, ಸೀಮೆಸುಣ್ಣದಿಂದ ಬಳಿಯಬಾರದು, ಗೀರಬಾರದು. ನೀರು ಮತ್ತು ಮೆತ್ತನೆಯ ಬಟ್ಟೆಗಿಂತ ಹೆಚ್ಚಿನದು ಬೇಡ.

* ಊರಿಗೆ ಹೋದಾಗ ಹೊಲದ ಬದುವಿನಲ್ಲಿ, ಗುಡಿಯ ಹಿಂದೆ ಅಕ್ಷರವಿರುವ ಕಲ್ಲು ಕಂಡರೆ ಅಲುಗಿಸದೆ ಚಿತ್ರ ತೆಗೆದು, ಪುರಾತತ್ವ ಇಲಾಖೆಗೋ ಬಲ್ಲವರಿಗೋ ತಿಳಿಸಿ.

ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆಯನ್ನು ನಾವು ಚೆನ್ನಾಗಿ ಪಾಲಿಸಿಕೊಂಡು ಬಂದಿದ್ದೇವೆ. ಪ್ಯಾರಿಸಿನ ಮೊನಾಲಿಸಾ ಗೊತ್ತು, ಹೆಬ್ಬಾಳದ ಕಿತ್ತಯ್ಯ ಗೊತ್ತಿಲ್ಲ. ವಿಚಿತ್ರವೆಂದರೆ, ಇಬ್ಬರೂ ಈಗ ಒಂದೇ ತೆರೆಯ ಮೇಲೆ ಅಕ್ಕಪಕ್ಕದಲ್ಲಿ ಸಿಗುತ್ತಾರೆ. ಮೊನಾಲಿಸಾಳನ್ನು ನೋಡಲು ವೀಸಾ ಬೇಕು. ಕಿತ್ತಯ್ಯನನ್ನು ನೋಡಲು ಹೆಬ್ಬಾಳದ ಬಸ್ಸು ಹತ್ತಿದರೆ ಆಯಿತು. ಊರಿಗಾಗಿ ಮಡಿದವನು ಹನ್ನೆರಡೂವರೆ ಶತಮಾನ ಮಣ್ಣಿನೊಳಗೆ ಕಾದಿದ್ದಾನೆ. ಮಕ್ಕಳು ಬಂದು ಅವನ ಹೆಸರನ್ನು ಗಟ್ಟಿಯಾಗಿ ಓದಲಿ.